ಕ್ಯಾಸೆಟ್ಟಿನ ಕೊನೆಯ ನಾಲ್ಕು ನಿಮಿಷ

ಖಾಲಿ ಟೇಪು ಎಂದರೆ ಮಿನ್ಕಾ ಲೇಲ್ಯಾಗೆ ಆಗುತ್ತಿರಲಿಲ್ಲ. ಜಾಡಿಯನ್ನು ಅರ್ಧ ತುಂಬಿಸಿ ಮುಚ್ಚಳ ಬಿಗಿಯುವ ಹೆಂಗಸನ್ನು ಕಂಡಾಗ ಆಗುವಂಥ ಕಸಿವಿಸಿ ಅದು. ಹದಿನಾಲ್ಕು ವರ್ಷ ಅವರು ರುಸೆ ಎಂಬ ನಮ್ಮ ಊರಿನ ಮುಖ್ಯ ಬೀದಿಯಲ್ಲಿ, ಔಷಧಿ ಅಂಗಡಿಗೂ ಟೋಪಿ ಅಂಗಡಿಗೂ ನಡುವಿನ ಕಿರಿದಾದ ಕಿಟಕಿಯ ಹಿಂದೆ ಕೂತು ಊರಿನ ಕ್ಯಾಸೆಟ್ಟುಗಳನ್ನು ತುಂಬಿಸಿಕೊಟ್ಟರು. ಆಗ ಹಾಡು ಬೇಕೆಂದರೆ ನಾವು ಖಾಲಿ ಕ್ಯಾಸೆಟ್ಟು ಹಿಡಿದು ಆ ಸರ್ಕಾರಿ ಕಿಟಕಿಗೆ ಹೋಗುತ್ತಿದ್ದೆವು. ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ಸಂಖ್ಯೆ ಬರೆದು ಕೊಟ್ಟರೆ ಮೂರು ದಿನಕ್ಕೆ ಹಾಡು ತುಂಬಿ ಬರುತ್ತಿತ್ತು. ಲೇಲ್ಯಾ ಎಂದರೆ ಚಿಕ್ಕಮ್ಮ. ಅವರಿಗೆ ಮೂವತ್ತು ವಯಸ್ಸಾಗಿದ್ದಾಗಲೇ ಊರು ಹಾಗೆ ಕರೆಯತೊಡಗಿತ್ತು. ಕ್ಯಾಸೆಟ್ಟನ್ನು ಬಿಸಿಲಲ್ಲಿ ಬಿಟ್ಟವರನ್ನು ಅವರು ಚಿಕ್ಕಮ್ಮನಂತೆಯೇ ಬೈಯುತ್ತಿದ್ದರು.

ಕ್ಯಾಸೆಟ್ಟಿನ ಒಂದು ಬದಿ ನಲವತ್ತೈದು ನಿಮಿಷ. ಕೇಳಿದ ಹಾಡುಗಳು ಸಾಮಾನ್ಯವಾಗಿ ನಲವತ್ತೊಂದಕ್ಕೆ ಮುಗಿಯುತ್ತಿದ್ದವು. ಉಳಿದ ನಾಲ್ಕು ನಿಮಿಷಕ್ಕೆ ಏನು ಹಾಕಬೇಕೆಂದು ಯಾರೂ ಬರೆದುಕೊಡುತ್ತಿರಲಿಲ್ಲ. ಹಾಕಿದರೆ ಯಾಕೆಂದು ಯಾರೂ ಕೇಳುತ್ತಲೂ ಇರಲಿಲ್ಲ. ಆ ನಾಲ್ಕು ನಿಮಿಷ ಮಿನ್ಕಾ ಲೇಲ್ಯಾರ ಸ್ವಂತ ಹೊಲ. ಅಲ್ಲಿ ಅವರು ವರ್ಷಗಟ್ಟಲೆ ಬಿತ್ತಿದ್ದು ಒಂದೇ ದನಿಯನ್ನು.

ಅದು ಸ್ಪಾಸ್ ಗರ್ವಾನೊವ್ ಅವರ ದನಿ. ಸ್ಪಾಸ್ ಡ್ಯಾನ್ಯೂಬ್ ದಂಡೆಯಲ್ಲಿ ಹಡಗು ಕಟ್ಟುವ ಕಡೆ ಬೆಸುಗೆ ಹಾಕುತ್ತಿದ್ದರು. ಸಂಜೆ ಹೊತ್ತು 'ಶ್ಲೆಪ್' ಎಂಬ ತಂಡದಲ್ಲಿ ಹಾರ್ಡ್ ರಾಕ್ ಹಾಡುತ್ತಿದ್ದರು. ಶ್ಲೆಪ್ ಎಂದರೆ ನಮ್ಮ ನದಿಯಲ್ಲಿ ಸರಕು ಹೊರುವ ಚಪ್ಪಟೆ ದೋಣಿ. ಆ ಕಾಲದಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಗಾಜಿನಂತೆ ತೆಳ್ಳಗೆ ಮೇಲೇರುವ ಗಂಟಲು. ಸ್ಪಾಸ್ ಅವರದು ಮೇಲೇರುತ್ತಿರಲಿಲ್ಲ. ಕಬ್ಬಿಣದ ಹಲಗೆಯನ್ನು ಕಲ್ಲಿನ ಮೇಲೆ ಎಳೆದಂತೆ ಶುರುವಾಗಿ, ಪಲ್ಲವಿಯ ಹೊತ್ತಿಗೆ ಅದೇ ಕಬ್ಬಿಣ ಕಾದು ಮೆತ್ತಗಾಗುತ್ತಿತ್ತು. ೧೯೮೪ರ ವಸಂತದಲ್ಲಿ ಎರಡು ಸಂಜೆ, ಮಕ್ಕಳ ಮೇಳದ ಹಾಡು ಟೇಪಿಗೆ ಹಿಡಿಯುತ್ತೇವೆಂದು ಹೇಳಿ ಕಿಟಕಿಯ ದೊಡ್ಡ ಯಂತ್ರವನ್ನು, ಗ್ರಂಥಾಲಯವೂ ರಂಗಮಂದಿರವೂ ಆದ ಊರಿನ ಓದುಮನೆಯ ಸಭಾಂಗಣಕ್ಕೆ ಒಯ್ದು, ಮಿನ್ಕಾ ಲೇಲ್ಯಾ ಆ ತಂಡದ ಎಂಟು ಹಾಡುಗಳನ್ನು ಒಂದು ಸುರುಳಿಗೆ ಇಳಿಸಿದರು. ಹಾಡುಗಳನ್ನು ಒಪ್ಪಬೇಕಾಗಿದ್ದ ಸಮಿತಿ ಒಂದೇ ಸಾಲು ಬರೆದು ತಿರಸ್ಕರಿಸಿತು: ದನಿ ಒರಟು, ಯುವಜನರಿಗೆ ತಕ್ಕುದಲ್ಲ. ಎರಡು ವರ್ಷದಲ್ಲಿ ತಂಡ ಚದುರಿತು.

ನಾನು ಆಗ ಹತ್ತೊಂಬತ್ತರ ಹುಡುಗಿ. ನನ್ನ ಕ್ಯಾಸೆಟ್ಟಿನ ತುದಿಯಲ್ಲೂ ಆ ದನಿ ಇತ್ತು. ನಾವದನ್ನು ಬಾಲದ ಹಾಡು ಎನ್ನುತ್ತಿದ್ದೆವು. ಹೆಸರು ಬರೆದರೆ ಲೇಲ್ಯಾ ಕೆಲಸ ಕಳೆದುಕೊಳ್ಳುತ್ತಿದ್ದರು, ಹಾಗಾಗಿ ಚೀಟಿಯ ಮೇಲೆ ಏನೂ ಇರುತ್ತಿರಲಿಲ್ಲ. ಯಾವುದೋ ಪರದೇಶದ ತಂಡ ನಮ್ಮ ಭಾಷೆ ಕಲಿತು ಹಾಡಿದೆ ಎಂದು ನನ್ನ ಗೆಳತಿ ಜಗಳಕ್ಕೇ ಬರುತ್ತಿದ್ದಳು. ನಮ್ಮ ಊರಿನ ಬೆಸುಗೆಯವರು ಹಾಗೆ ಹಾಡಬಲ್ಲರೆಂದು ನಮಗೆ ಹೊಳೆದೇ ಇರಲಿಲ್ಲ.

ಐದು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ನಾನು ಅದೇ ಓದುಮನೆಯ ಪುಸ್ತಕ ಭಾಗವನ್ನು ನೋಡಿಕೊಳ್ಳುತ್ತಿದ್ದೆ. ತೀರಿಕೊಂಡ ಮೇಷ್ಟ್ರೊಬ್ಬರ ಮನೆಯವರು ಪುಸ್ತಕಗಳ ಜೊತೆ ಒಂದು ಪೆಟ್ಟಿಗೆ ಕ್ಯಾಸೆಟ್ಟನ್ನೂ ತಂದು ಕೊಟ್ಟಿದ್ದರು. ಯಾವುದು ಓಡುತ್ತದೆ, ಯಾವುದು ಇಲ್ಲ ಎಂದು ಪರೀಕ್ಷಿಸುತ್ತ ಕೂತಿದ್ದೆ. ಎಪ್ಪತ್ತೆರಡು ವರ್ಷದ ಮಿನ್ಕಾ ಲೇಲ್ಯಾ ದಿನವೂ ಬರುವಂತೆ ಬಂದು ಕಿಟಕಿಯ ಬಳಿ ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದರು. ಒಂದು ಕ್ಯಾಸೆಟ್ಟಿನ ಹಾಡುಗಳು ಮುಗಿದು, ಸ್ವಲ್ಪ ಮೌನ ಬಂದು, ಆ ಕಬ್ಬಿಣದ ದನಿ ಎದ್ದಿತು.

ಲೇಲ್ಯಾ ಪೆನ್ಸಿಲ್ ಕೆಳಗಿಟ್ಟರು.

"ಎಲ್ಕಾ, ನಿಲ್ಸು ಅದನ್ನ."

ನಾನು ಕೈ ಚಾಚಿದೆ.

"ಬೇಡ. ಬೇಡ, ಬಿಡು. ಓಡ್ಲಿ."

ಹಾಡು ಮುಗಿಯುವವರೆಗೆ ಅವರು ನಿಂತೇ ಇದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತು, ಮೂವತ್ತು ವರ್ಷ ಯಾರಿಗೂ ಹೇಳದಿದ್ದನ್ನು ಹೇಳಿದರು.

"ಆ ಎಂಟು ಹಾಡಿನ ಸುರುಳಿ ಎಲ್ಲಿ ಬಚ್ಚಿಟ್ಟಿದ್ದೆ ಗೊತ್ತಾ? ತಪಾಸಣೆಗೆ ಬಂದೋರು ಎಲ್ಲ ಡಬ್ಬಿ ತೆಗೀತಾರೆ. ತೆಗೀದೇ ಇರೋ ಡಬ್ಬಿ ಒಂದೇ. ಪಕ್ಷದ ಜಿಲ್ಲಾ ಕಾರ್ಯದರ್ಶಿಗಳ ಭಾಷಣ. ನಮ್ಮಲ್ಲಿ ಅಂಥವು ನಲವತ್ಮೂರು ಇದ್ವು. ಕೇಳಿದೋರಿಲ್ಲ, ಮುಟ್ಟಿದೋರಿಲ್ಲ. ಎಪ್ಪತ್ತೆಂಟನೇ ಇಸವಿ ಡಬ್ಬೀಲಿ, ಭಾಷಣದ ಕೆಳಗೆ, ಸ್ಪಾಸ್ ಆರಾಮಾಗಿ ಮಲಗಿದ್ರು."

"ಜಾಣತನ."

"ಕೇಳು ಮೊದ್ಲು. ಎಂಬತ್ತೆಂಟರಲ್ಲಿ ಯಾವನೋ ಪುಣ್ಯಾತ್ಮ ಫೋನ್ ಮಾಡಿ, ಎಪ್ಪತ್ತೆಂಟರ ಭಾಷಣಕ್ಕೆ ಹತ್ತು ವರ್ಷ ಆಯ್ತು, ಸಮಾರಂಭಕ್ಕೆ ಬೇಕು ಅಂದ. ಅವಸರವಸರವಾಗಿ ಸ್ಪಾಸ್ ಸುರುಳೀನ ಎಪ್ಪತ್ತೊಂಬತ್ತರ ಡಬ್ಬಿಗೆ ಹಾಕಿ, ಭಾಷಣನ ಅದರ ಡಬ್ಬೀಲಿ ಕೊಟ್ಟು ಕಳ್ಸಿದೆ. ವಾಪಸ್ ಬಂದಾಗ ಬದಲಾಯಿಸ್ಬೇಕಿತ್ತು. ಮರೆತೆ."

ಅವರು ತಮ್ಮ ಬಲಗೈಯನ್ನು ನೋಡಿಕೊಂಡರು.

"ಸರ್ಕಾರ ಬಿತ್ತಲ್ಲ, ಆ ಚಳಿಗಾಲ. ಭಾಷಣ ಎಲ್ಲಾ ಅಳಿಸಿ, ಟೇಪು ಉಳಿಸ್ಕೊಳ್ಳಿ ಅಂದ್ರು. ನನಗೆಂಥ ಖುಷಿ ಅಂತೀಯ. ಎಪ್ಪತ್ತೆಂಟರ ಡಬ್ಬಿ ತೆಗೆದು ಕೋಟಿನೊಳಗೆ ಇಟ್ಕೊಂಡೆ. ಉಳಿದ ನಲವತ್ತೆರಡನ್ನ ಡಬ್ಬಿ ಸಮೇತ ಒಂದೊಂದಾಗಿ ಆಯಸ್ಕಾಂತದ ಮೇಲೆ ಉಜ್ಜಿದೆ. ಹಾಡ್ಕೊಂಡು ಉಜ್ಜಿದೆ ಕಣೇ. ಮನೆಗೆ ಹೋಗಿ, ಒಂದು ಲೋಟ ವೈನ್ ಹಾಕ್ಕೊಂಡು, ಸುರುಳಿ ಹಾಕಿದ್ರೆ, 'ಸಂಗಾತಿಗಳೇ, ಸಕ್ಕರೆ ಬೀಟಿನ ಇಳುವರಿ ಕುರಿತು' ಅಂತ ಶುರುವಾಯ್ತು."

ನನಗೆ ನಗು ಬಂತು. ತಡೆಯಲು ನೋಡಿದೆ.

"ನಗು, ನಗು. ಅಷ್ಟು ಭಾಷಣದಲ್ಲಿ ಲೋಕದಲ್ಲಿ ಉಳ್ಕೊಂಡಿದ್ದು ಅದೊಂದೇ. ಕಾಪಾಡಿದ ಪುಣ್ಯ ನಂದು."

"ಸ್ಪಾಸ್ ಅವರಿಗೆ ಏನಂದ್ರಿ?"

"ಬಂದಿದ್ರು ಕೇಳೋಕೆ. 'ತಗೊಂಡ್ ಹೋದ್ರು' ಅಂದೆ. ಯಾರು ಅನ್ಲಿಲ್ಲ. ಅವರಿಗೆ ಅರ್ಥವಾಗಿದ್ದು ಪೊಲೀಸಿನೋರು ಅಂತ. ನಾನೂ ತಿದ್ದಲಿಲ್ಲ."

ಆಮೇಲೆ ೨೦೦೩ರಲ್ಲಿ ಸ್ಪಾಸ್ ಅವರ ಗಂಟಲಿಗೆ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಂದಿನಿಂದ ಅವರು ಕುತ್ತಿಗೆಗೆ ಒತ್ತಿ ಹಿಡಿಯುವ ಸಣ್ಣ ಯಂತ್ರದಿಂದ, ಜೀರುಂಡೆ ಗುಂಯ್‌ಗುಟ್ಟುವ ಹಾಗೆ ಮಾತಾಡುತ್ತಾರೆ. ಹೊರಗೆ ಬರುವುದು ಅಪರೂಪ. ಆ ಸುದ್ದಿ ಕೇಳಿದ ದಿನದಿಂದ ಲೇಲ್ಯಾಗೆ ತಾವು ಅಳಿಸಿದ್ದು ಟೇಪನ್ನಲ್ಲ, ಅವರ ಗಂಟಲನ್ನೇ ಎನಿಸಿಬಿಟ್ಟಿತ್ತು.

"ಜನ ಆ ಕ್ಯಾಸೆಟ್ಟೆಲ್ಲ ಬಿಸಾಕಿರ್ತಾರೆ ಅಂದ್ಕೊಂಡಿದ್ದೆ," ಎಂದರು. "ಇವತ್ತು ಒಂದು ಸಿಕ್ತು. ಇನ್ನೂ ಏಳಿದಾವೆ. ಎಂಟೂ ಹುಡುಕಿ ಅವರ ಕೈಗಿಟ್ಟು, ಅಳಿಸಿದ್ದು ನಾನೇ ಅಂತ ಹೇಳ್ಬೇಕು. ಬರಿಗೈಲಿ ಹೋಗಿ ಹೇಳೋ ಧೈರ್ಯ ಮೂವತ್ತು ವರ್ಷದಿಂದ ಬಂದಿಲ್ಲ, ಇನ್ನೂ ಬರಲ್ಲ."

ಮರುದಿನವೇ ಒಂದು ಚೀಟಿ ಬರೆದೆವು. ಧ್ವನಿಮುದ್ರಣದ ಕಿಟಕಿಯ ಮಿನ್ಕಾ ಸ್ತಾನೆವಾ ಅವರು ಎಂಬತ್ತರ ದಶಕದಲ್ಲಿ ತುಂಬಿಸಿಕೊಟ್ಟ ಕ್ಯಾಸೆಟ್ಟು ಯಾರ ಮನೆಯಲ್ಲಿದ್ದರೂ ಓದುಮನೆಗೆ ತಂದುಕೊಡಿ, ಕೇಳಿ ಹಿಂದಿರುಗಿಸುತ್ತೇವೆ. ಜನಕ್ಕೆ ಗುರುತು ಸಿಗಲೆಂದು ಅವರ ಹಳೆಯ ಫೋಟೋ ಮೇಲೆ ಹಾಕಿದೆ. ಓದುಮನೆಯ ಗಣಕಯಂತ್ರದಲ್ಲಿ ನಾವು ಮುದ್ರಿಸುವುದರಲ್ಲಿ ಮುಕ್ಕಾಲು ಪಾಲು ತೀರಿಕೊಂಡವರ ಚೀಟಿಗಳೇ. ಹೋದ ದಿನ, ನಲವತ್ತನೆಯ ದಿನ, ಆರು ತಿಂಗಳು, ವರ್ಷ, ಹೀಗೆ ಪ್ರತಿ ಸಲವೂ ಮನೆಯವರು ಬಂದು ಹೊಸದು ಮಾಡಿಸಿ ಬಾಗಿಲಿಗೂ ದೀಪದ ಕಂಬಕ್ಕೂ ಅಂಟಿಸುತ್ತಾರೆ. ನಾನು ಅದೇ ಅಚ್ಚಿನಲ್ಲಿ ಈ ಚೀಟಿಯನ್ನೂ ಬರೆದೆ. ಸುತ್ತಲಿನ ಕಪ್ಪು ಚೌಕಟ್ಟನ್ನು ತೆಗೆಯಲು ಮರೆತೆ. ಅರವತ್ತು ಪ್ರತಿ ತೆಗೆದು, ಅಭ್ಯಾಸದಂತೆ ಆ ಕಂಬಗಳಿಗೇ ಅಂಟಿಸಿ ಬಂದೆ.

ದಾರಿಯಲ್ಲಿ ಹೋಗುವವರು ಅಂಥ ಚೀಟಿಯಲ್ಲಿ ಮುಖ ಮತ್ತು ಹೆಸರು ನೋಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ, ಮುಂದೆ ಹೋಗುತ್ತಾರೆ. ಪೂರ್ತಿ ಓದುವವರು ಕಡಿಮೆ. ಕೆಳಗೆ ಓದುಮನೆ ಎಂದು ಕಂಡರೆ ಅಂತಿಮ ದರ್ಶನ ಅಲ್ಲೇ ಎಂದುಕೊಳ್ಳುತ್ತಾರೆ.

ಮರುದಿನ ಹತ್ತು ಗಂಟೆಗೆ ಮೊದಲನೆಯವರು ಬಂದರು. ನಿವೃತ್ತ ಟ್ರಾಲಿಬಸ್ ಚಾಲಕ, ಕೈಯಲ್ಲಿ ಎರಡು ಕಾರ್ನೇಷನ್ ಹೂವು, ಇನ್ನೊಂದು ಕೈಯಲ್ಲಿ ಚೀಲ. ಬದುಕಿರುವವರಿಗೆ ನಮ್ಮಲ್ಲಿ ಜೋಡಿ ಹೂವು ಕೊಡುವುದಿಲ್ಲ. ಒಳಗೆ ಬಂದು ಟೋಪಿ ತೆಗೆದವರು, ಪದಬಂಧ ತುಂಬಿಸುತ್ತಿದ್ದ ಲೇಲ್ಯಾರನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಏನಯ್ಯಾ, ಹಂಗ್ಯಾಕ್ ನೋಡ್ತೀಯ?" ಎಂದರು ಲೇಲ್ಯಾ.

"ನೀವು... ಕಂಬದ ಮೇಲೆ..."

"ಕಂಬದ ಮೇಲೆ ಏನು?"

"ಕಪ್ಪು ಚೌಕಟ್ಟಿತ್ತು, ಲೇಲ್ಯಾ."

ಲೇಲ್ಯಾ ನನ್ನ ಕಡೆ ತಿರುಗಿದರು. ನಾನು ಪುಸ್ತಕದ ಕಪಾಟಿನ ಹಿಂದೆ ಹೋದೆ.

"ಎಲ್ಕಾ, ಬಾ ಹೊರಗೆ. ನನ್ನ ಸಾಯ್ಸಿದೋಳು ಮುಖ ತೋರಿಸ್ಲಿ."

ಆಮೇಲೆ ಅವರು ಚಾಲಕರ ಕೈಯಿಂದ ಹೂವು ತೆಗೆದುಕೊಂಡು, ಒಂದನ್ನು ಅವರಿಗೇ ಹಿಂದಿರುಗಿಸಿದರು.

"ಒಂದು ಸಾಕು ನಂಗೆ. ಇನ್ನೊಂದು ಹೆಂಡ್ತಿಗೆ ಕೊಡು. ಕೂತ್ಕೋ. ಚೀಲದಲ್ಲೇನು?"

"ನೀವು ತುಂಬಿಸ್ಕೊಟ್ಟ ಕ್ಯಾಸೆಟ್ಟು. ಗೋರಿ ಹತ್ರ ಇಡೋಣ ಅಂತ ತಂದೆ."

ನಾಲ್ಕು ದಿನ ಹೀಗೆಯೇ ನಡೆಯಿತು. ಚೌಕಟ್ಟಿಲ್ಲದ ಹೊಸ ಚೀಟಿ ಅಂಟಿಸೋಣವೆಂದರೆ ಲೇಲ್ಯಾ ಒಪ್ಪಲಿಲ್ಲ. "ಬದುಕಿರೋರ ಚೀಟಿ ಯಾರು ಓದ್ತಾರೆ?" ಎಂದರು. ದಂತವೈದ್ಯೆ ಬಂದರು, ಗಣಿತದ ಮೇಷ್ಟ್ರು ಬಂದರು, ನಾನು ಕಂಡೇ ಇರದ ಮುದುಕಿಯೊಬ್ಬರು ಗೋಧಿ ಬೇಯಿಸಿ ಸಕ್ಕರೆ ಹಾಕಿದ, ಸತ್ತವರ ಹೆಸರಲ್ಲಿ ಹಂಚುವ ಪ್ರಸಾದವನ್ನೇ ಮಾಡಿಕೊಂಡು ಬಂದರು. ಅದನ್ನು ಲೇಲ್ಯಾ ತಾವೇ ಎರಡು ಚಮಚ ತಿಂದು, ಸಕ್ಕರೆ ಕಡಿಮೆಯಾಗಿದೆ ಎಂದರು. ಅಳುತ್ತ ಬಂದವರು ನಗುತ್ತ ಹೋದರು. ಹೋಗುವಾಗ ಒಬ್ಬರಾದ ಮೇಲೊಬ್ಬರು, ತಮ್ಮ ಯೌವನದ ಹಾಡೆಲ್ಲ ಆ ಕಿಟಕಿಯಿಂದ ಬಂದದ್ದು ಎಂದು ಹೇಳಿ ಅವರ ಕೆನ್ನೆಗೆ ಮುತ್ತಿಟ್ಟರು.

"ಸತ್ತ ಮೇಲೆ ಯಾರು ಬರ್ತಾರೆ ಅಂತ ನೋಡೋ ಭಾಗ್ಯ ಎಷ್ಟು ಜನಕ್ಕಿದೆ, ಎಲ್ಕಾ?" ಎಂದರು ಲೇಲ್ಯಾ ಒಂದು ಸಂಜೆ, ಬಕೆಟ್ಟಿನ ತುಂಬ ಇದ್ದ ಒಂಟಿ ಹೂಗಳಿಗೆ ನೀರು ಹಾಕುತ್ತ. "ನಿನ್ನ ತಪ್ಪಿಗೆ ನಾನು ಋಣಿ."

ಒಟ್ಟು ಅರವತ್ತೊಂದು ಕ್ಯಾಸೆಟ್ಟು ಬಂದವು. ಪ್ರತಿಯೊಂದನ್ನೂ ಕೊನೆಗೆ ಓಡಿಸಿ, ಸ್ವಲ್ಪ ಹಿಂದೆ ಸುತ್ತಿ, ಕೇಳುವುದು ನಮ್ಮ ಕೆಲಸವಾಯಿತು. ಕೆಲವುಗಳಲ್ಲಿ ಟೇಪು ಸುಕ್ಕಾಗಿ ದನಿ ನೀರಿನೊಳಗಿಂದ ಬಂದಂತಿತ್ತು. ಒಂದರಲ್ಲಿ ಯಾರೋ ಮಗುವಿನ ಅಳುವನ್ನು ಹಾಡಿನ ಮೇಲೆಯೇ ತುಂಬಿಸಿದ್ದರು. ಒಂದೇ ಹಾಡು ಒಂಬತ್ತು ಮನೆಗಳಿಂದ ಬಂದಾಗ, ಲೇಲ್ಯಾ ಕಣ್ಣು ಮುಚ್ಚಿ ಒಂಬತ್ತನ್ನೂ ಕೇಳಿ, "ದಂತವೈದ್ಯೇದು ಇಟ್ಕೋ. ಅವಳ ಮನೇಲಿ ಧೂಳಿಲ್ಲ," ಎನ್ನುತ್ತಿದ್ದರು.

ನಾನು ಆ ದನಿಯನ್ನು ಮೊದಲ ಸಲ ನಿಜವಾಗಿ ಕೇಳಿದ್ದು ಆಗಲೇ. ಹತ್ತೊಂಬತ್ತರಲ್ಲಿ ಅದರ ಗದ್ದಲ ಮಾತ್ರ ಹಿಡಿಸಿತ್ತು. ಈಗ ಕೇಳುವಾಗ ಅದರ ಉಸಿರು ಕೇಳಿಸಿತು. 'ಬೆಸುಗೆ' ಎಂಬ ಹಾಡಿನಲ್ಲಿ ಗಿಟಾರು ಮೇಲೆ ಬಿದ್ದು ಹೊಡೆಯುತ್ತಿರುವಾಗಲೂ ಅವರು ಗಾಬರಿಯಾಗುವುದಿಲ್ಲ. ಭಾರ ಹೊತ್ತವನು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು ಹೆಗಲು ಬದಲಿಸುವಂತೆ, ಸಾಲಿನ ನಡುವೆ ನಿಲ್ಲುತ್ತಾರೆ. 'ಮಂಜಿನ ದಡ' ಎಂಬುದರಲ್ಲಿ ಕೂಗಬೇಕಾದ ಜಾಗದಲ್ಲಿ ಪಿಸುಗುಟ್ಟುತ್ತಾರೆ. ಅಷ್ಟು ದೊಡ್ಡ ದನಿ ಇದ್ದೂ ಅದನ್ನು ಪೂರ್ತಿ ಖರ್ಚು ಮಾಡದ ಗಾಯಕರನ್ನು ನಾನು ಬೇರೆ ಕಂಡಿಲ್ಲ. ಸಮಿತಿಗೆ ಒರಟೆನಿಸಿದ್ದು ಸಹನೆಯಾಗಿತ್ತು.

ಎರಡು ವಾರದಲ್ಲಿ ಏಳು ಹಾಡು ಪೂರ್ತಿ ಸಿಕ್ಕವು. ಎಂಟನೆಯದು ಮಾತ್ರ ಇಲ್ಲ. ಇಲ್ಲ ಎಂದಲ್ಲ, ಹನ್ನೊಂದು ಕ್ಯಾಸೆಟ್ಟಿನಲ್ಲಿತ್ತು. ಹನ್ನೊಂದರಲ್ಲೂ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅದರ ಹೆಸರು 'ಚಳಿಗಾಲದ ಲಂಗರು'. ನದಿ ಹೆಪ್ಪುಗಟ್ಟುವ ಮೊದಲು ಬಂದು ತಂಗುವ ದೋಣಿಗಳ ಹಾಡು. ಏಳು ನಿಮಿಷ ನಲವತ್ತು ಸೆಕೆಂಡು.

"ನಾಲ್ಕು ನಿಮಿಷದ ಜಾಗದಲ್ಲಿ ಏಳು ನಿಮಿಷ ಹೇಗೆ ಹಿಡ್ಸುತ್ತೆ?" ಎಂದರು ಲೇಲ್ಯಾ. "ಗೊತ್ತಿದ್ದೂ ಹಾಕ್ತಿದ್ದೆ. ಅರ್ಧ ಆದ್ರೂ ಕೇಳ್ಲಿ ಅಂತ. ಟೇಪು ಎಲ್ಲಿ ಮುಗೀತೋ ಅಲ್ಲಿ ಕಟ್. ದೋಣಿ ದಡಕ್ಕೆ ಬರೋದೇ ಎರಡನೇ ಅರ್ಧದಲ್ಲಿ. ಅದು ನನ್ನ ತಲೇಲಿ ಬಿಟ್ರೆ ಇನ್ನೆಲ್ಲೂ ಇಲ್ಲ."

"ಏಳು ತಗೊಂಡು ಹೋಗೋಣ."

"ಎಂಟು ಅಂದ್ರೆ ಎಂಟು. ಅಳಿಸಿದ್ದು ಎಂಟು ತಾನೆ?"

ಅಕ್ಟೋಬರ್ ಮೊದಲ ಭಾನುವಾರ ಕ್ಷೌರದ ಪೆಂಚೊನ ಮನೆಗೆ ಹೋದೆವು. ಪೆಂಚೊ ನನ್ನ ವಾರಿಗೆಯವನು. ಲೇಲ್ಯಾಗೆ ಕಾಲು ಗಂಟೆಯಲ್ಲಿ ಕೂದಲು ಸರಿಮಾಡಿಕೊಡುತ್ತಾನೆ, ಮನೆಯಲ್ಲೇ. ಅವನ ಹೆಂಡತಿ ನೆದ್ಕಾ ಬಾಲ್ಕನಿಯಲ್ಲಿ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತಿದ್ದಳು. ಆ ತಿಂಗಳಲ್ಲಿ ಊರಿನ ಎಲ್ಲ ಬಾಲ್ಕನಿಗಳಿಂದಲೂ ಅದೇ ಹೊಗೆ. ಅವಳು ಸಿಪ್ಪೆ ಬಿಡಿಸುತ್ತ ಏನೋ ಗುನುಗುತ್ತಿದ್ದಳು. ಲೇಲ್ಯಾ ಕುರ್ಚಿಯಲ್ಲಿ ಕೂತವರು ತಟ್ಟನೆ ತಲೆ ಎತ್ತಿದ್ದರಿಂದ ಕತ್ತರಿ ಕಿವಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

"ನೆದ್ಕಾ, ಏನೇ ಅದು ಹಾಡು?"

"ಯಾವ್ದು ಲೇಲ್ಯಾ?"

"ಈಗ ಗುನುಗಿದ್ಯಲ್ಲ. ಅದು ಎರಡನೇ ಅರ್ಧ. ಅದು ನಿಂಗೆ ಎಲ್ಲಿ ಸಿಕ್ತು?"

"ಅಯ್ಯೋ, ಅದಾ. ನಮ್ಮನೇಲಿ ಒಂದು ಕ್ಯಾಸೆಟ್ಟಿದೆ. ಮೆಣಸಿನಕಾಯಿ ಸುಡೋವಾಗ ಪ್ರತಿ ವರ್ಷ, ಇವನು ಕೆಲಸಕ್ಕೆ ಹೋಗಿದ್ದಾಗ ಹಾಕ್ಕೋತೀನಿ."

ಪೆಂಚೊ ಕೆಮ್ಮಿದ. "ಆ ಕ್ಯಾಸೆಟ್ಟಾ? ಅದು ಕೊಡೋಕಾಗಲ್ಲ ಲೇಲ್ಯಾ. ಅದರಲ್ಲಿ ನನ್ನ ಕ್ಲಾರಿನೆಟ್ ಇದೆ."

"ನಿನ್ನ ಏನು?"

"ಎಂಬತ್ತೈದರಲ್ಲಿ ಕ್ಲಾರಿನೆಟ್ ಕಲೀತಿದ್ನಲ್ಲ. ಒಂದು ಬದಿಗೆ ಪಾಠ ತುಂಬಿಸ್ಕೊಡಿ, ಇನ್ನೊಂದು ಬದಿ ಖಾಲಿ ಬಿಡಿ, ನನ್ನ ಸಾಧನೆ ರೆಕಾರ್ಡ್ ಮಾಡ್ಕೋತೀನಿ ಅಂತ ನಿಮ್ಮ ಹತ್ರಾನೇ ಬಂದಿದ್ದೆ. ಮಾಡ್ಕೊಂಡಿದೀನಿ. ಎರಡನೇ ಬದಿ ಪೂರ್ತಿ. ಹರೆಯದ್ದು, ಸ್ವಲ್ಪ ತಪ್ಪುಗಳಿದಾವೆ, ಯಾರೂ ಕೇಳೋದು ಬೇಡ."

ಬಾಲ್ಕನಿಯಿಂದ ನೆದ್ಕಾ ಒಳಗೆ ಬಂದಳು. ಮೊಣಕೈವರೆಗೂ ಮೆಣಸಿನಕಾಯಿಯ ಕೆಂಪು.

"ಏನ್ ಸಾಧನೆ? ಮೂವತ್ತೆರಡು ವರ್ಷ ಆಯ್ತು ನಿನ್ನ ಮದ್ವೆ ಆಗಿ. ಈ ಮನೇಲಿ ಒಂದು ಸೀಟಿ ಊದಿದ್ದು ಕೇಳಿಲ್ಲ ನಾನು. ಎರಡನೇ ಬದೀಲಿ ಯಾರೋ ಗಂಡಸು ಹಾಡ್ತಾನೆ. ಚೆನ್ನಾಗಿ ಹಾಡ್ತಾನೆ. ಆಮೇಲೆ ಬರೀ ಸುಯ್ ಅನ್ನುತ್ತೆ."

"ನೀನು ಎರಡನೇ ಬದಿ ಕೇಳಿದೀಯಾ?"

"ಮದ್ವೆಯಾದ ಮೊದಲ್ನೇ ವರ್ಷಾನೇ ಕೇಳ್ದೆ. ನಿನ್ನ ಕ್ಲಾರಿನೆಟ್ ಹೇಗಿರುತ್ತೆ ಅಂತ ಆಸೆಯಿಂದ."

ಪೆಂಚೊ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟ. ಲೇಲ್ಯಾ ಅರ್ಧ ಕತ್ತರಿಸಿದ ಕೂದಲಲ್ಲೇ ಎದ್ದು ಅವನ ತಲೆ ಹಿಡಿದು ಹಣೆಗೆ ಮುತ್ತಿಟ್ಟರು.

"ಖಾಲಿ ಬಿಡು ಅಂದಿದ್ದೆ ನೀನು. ನನ್ನ ಕೈಲಾಗ್ಲಿಲ್ಲ. ನಲವತ್ತೈದು ನಿಮಿಷ ಜಾಗ ಕಂಡು, ದೊಡ್ಡ ಹಾಡು ಪೂರ್ತಿ ಹಾಕ್ಬಿಟ್ಟಿದ್ದೆ. ನೀನು ಒಂದೇ ಒಂದು ಸಲ ಅಭ್ಯಾಸ ಮಾಡಿದ್ರೂ ಅದು ಅಳಿಸಿಹೋಗ್ತಿತ್ತು ಕಣೋ. ನಿನ್ನ ಸೋಮಾರಿತನಕ್ಕೆ ನೂರು ವರ್ಷ ಆಯಸ್ಸು."

"ಇನ್ನೂ ಬೇಕಿದ್ರೆ ಇದೆ," ಎಂದಳು ನೆದ್ಕಾ. "ನೆಲಮಾಳಿಗೇಲಿ ಅಕಾರ್ಡಿಯನ್ನೂ ಇಟ್ಟಿದಾನೆ, ಅದನ್ನೂ ಮುಟ್ಟಿಲ್ಲ."

ಮುಂದಿನ ಭಾನುವಾರ ಮಧ್ಯಾಹ್ನ ಸ್ಪಾಸ್ ಅವರ ಮನೆಗೆ ಹೋದೆವು. ಎಂಟು ಹಾಡುಗಳನ್ನು ಒಂದು ಹೊಸ ಕ್ಯಾಸೆಟ್ಟಿಗೆ ಇಳಿಸಿಟ್ಟಿದ್ದೆವು. ಆದರೆ ಲೇಲ್ಯಾ ಅರವತ್ತೆರಡು ಹಳೆಯ ಕ್ಯಾಸೆಟ್ಟುಗಳನ್ನೂ ಎರಡು ಚೀಲದಲ್ಲಿ ಹೊರಿಸಿಕೊಂಡು ಬಂದರು. ಎಲ್ಲಿಂದ ಬಂದವೆಂದು ತೋರಿಸಬೇಕಂತೆ. ನಾಲ್ಕನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ಬಾಗಿಲು ತೆರೆದದ್ದು ಅವರ ಮಗಳು ಬಿಲ್ಯಾನಾ. ಇಪ್ಪತ್ತೆಂಟು ವರ್ಷ, ನರ್ಸು. ಅಪ್ಪ ಹಾಡುತ್ತಿದ್ದರು ಎಂದು ಕೇಳಿದ್ದಳು, ಅವರ ಹಾಡು ಕೇಳಿರಲಿಲ್ಲ.

ಸ್ಪಾಸ್ ಕುತ್ತಿಗೆಗೆ ತೆಳ್ಳನೆ ವಸ್ತ್ರ ಸುತ್ತಿಕೊಂಡು ಮೇಜಿನ ಬಳಿ ಕೂತಿದ್ದರು. ಲೇಲ್ಯಾ ಕೋಟು ಬಿಚ್ಚಲಿಲ್ಲ, ಕೂರಲೂ ಇಲ್ಲ. ಡಬ್ಬಿ, ಭಾಷಣ, ಆಯಸ್ಕಾಂತ, ಎಲ್ಲವನ್ನೂ ನಿಂತೇ ಹೇಳಿದರು. ಕೊನೆಗೆ, "ಯಾರೂ ತಗೊಂಡು ಹೋಗ್ಲಿಲ್ಲ ಸ್ಪಾಸ್. ನನ್ನ ಕೈಯಿಂದಲೇ ಅಳಿಸ್ದೆ," ಎಂದರು.

ಸ್ಪಾಸ್ ಯಂತ್ರವನ್ನು ಕೈಗೆತ್ತಿಕೊಂಡರು. ಆಮೇಲೆ ಗಂಟಲಿಗೆ ಒತ್ತಿಕೊಂಡರು.

"ಅಂದ್ರೆ ಪೊಲೀಸಿನೋರು ಬರ್ಲೇ ಇಲ್ಲ."

"ಇಲ್ಲ."

"ನನ್ನ ಹಾಡಿಗೆ ಯಾರೂ ಹೆದರಿರ್ಲಿಲ್ಲ."

ಯಂತ್ರವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

"ಮೂವತ್ತು ವರ್ಷ ಅದೊಂದೇ ನನ್ನ ಹೆಮ್ಮೆ ಆಗಿತ್ತು, ಮಿನ್ಕಾ. ಅವರು ಹೆದರ್ಕೊಂಡು ಹೊತ್ಕೊಂಡ್ ಹೋದ್ರು ಅಂತ. ಗಂಟಲು ಹೋದಾಗ್ಲೂ ಅದನ್ನೇ ನೆನೆಸ್ಕೊಂಡಿದ್ದೆ."

ಆ ಯಂತ್ರದ ದನಿಗೆ ಏರಿಳಿತ ಇಲ್ಲ. ಸಿಟ್ಟೋ ನೋವೋ ಅದರಿಂದ ತಿಳಿಯುವುದಿಲ್ಲ. ಕೈ ನೋಡಬೇಕು. ಮೇಜಿನ ಮೇಲಿದ್ದ ಅವರ ಎಡಗೈ ಮುಷ್ಟಿಯ ಹಾಗೆ ಮುದುರಿತ್ತು. ನಾವು ಹಾಡು ತಂದೆವು, ಅವರ ಬದುಕಿನಿಂದ ಇನ್ನೇನನ್ನೋ ತೆಗೆದುಬಿಟ್ಟೆವು ಎಂದು ನನಗೆ ಆಗ ಅರ್ಥವಾಯಿತು. ಏಳೋಣವೆಂದು ಲೇಲ್ಯಾರ ತೋಳು ಮುಟ್ಟಿದೆ. ಅವರು ಕದಲಲಿಲ್ಲ. ಕ್ಷಮಿಸಿ ಎಂದೂ ಕೇಳಲಿಲ್ಲ. ಚೀಲಗಳನ್ನು ಎತ್ತಿ ಮೇಜಿನ ಮೇಲೆ ಸುರಿದರು.

ಕ್ಯಾಸೆಟ್ಟುಗಳು ರಾಶಿಯಾಗಿ ಬಿದ್ದವು. ಒಂದೆರಡು ನೆಲಕ್ಕೂ ಉರುಳಿದವು. ಸ್ಪಾಸ್ ಒಂದನ್ನು ಎತ್ತಿ, ಲೇಲ್ಯಾರ ದುಂಡನೆಯ ಅಕ್ಷರದಲ್ಲಿ ಬರೆದ ಬೇರೆ ತಂಡದ ಹೆಸರನ್ನು ಓದಿದರು.

"ಇದ್ಯಾರ್ದು?"

"ಟ್ರಾಲಿಬಸ್ ಓಡಿಸ್ತಿದ್ರಲ್ಲ, ಅವರದು. ಹದಿನೈದು ವರ್ಷ ಬಸ್ಸಲ್ಲೇ ಇಟ್ಕೊಂಡಿದ್ರಂತೆ. ಕೊನೇಲಿ ನೀವಿದೀರಿ. 'ಬೆಸುಗೆ'."

"ಇದು?"

"ದಂತವೈದ್ಯೆ. 'ಮಂಜಿನ ದಡ'. ಹಲ್ಲು ಕೀಳೋವಾಗ ಹಾಕ್ತಿದ್ಲಂತೆ, ಕಿರುಚಿದ್ದು ಹೊರಗೆ ಕೇಳ್ಬಾರ್ದು ಅಂತ."

ಸ್ಪಾಸ್ ಅವರ ಹೆಗಲು ಅಲುಗಿತು. ಅವರ ನಗುವಿಗೆ ಸದ್ದಿಲ್ಲ.

"ಇದು ಗಣಿತದ ಮೇಷ್ಟ್ರದು. ಸೈನ್ಯಕ್ಕೆ ಹೋದಾಗ ಜೊತೇಲಿ ಒಯ್ದಿದ್ದು. ಇದು ಕ್ಷೌರದ ಪೆಂಚೊಂದು. ಅವನ ಹೆಂಡ್ತಿ ಮೂವತ್ತು ಶರತ್ಕಾಲ ನಿಮ್ಮ ಲಂಗರು ಹಾಡ್ಕೊಂಡು ಮೆಣಸಿನಕಾಯಿ ಸುಟ್ಟಿದಾಳೆ. ಸ್ಪಾಸ್, ಯಾರೂ ಹೆದರ್ಲಿಲ್ಲ, ನಿಜ. ಇವರೆಲ್ಲ ಮನೇಲಿಟ್ಕೊಂಡ್ರು."

ಸ್ಪಾಸ್ ಇನ್ನೂ ಹಲವನ್ನು ಎತ್ತಿ ಎತ್ತಿ ಕೇಳಿದರು. ಲೇಲ್ಯಾ ಒಂದೊಂದಕ್ಕೂ ಮನೆ, ಮನುಷ್ಯ, ಹಾಡು ಹೇಳಿದರು. ನಡುವೆ ಎಲ್ಲೋ ಅವರು ಕೂತಿದ್ದರು, ಕೋಟನ್ನೂ ಬಿಚ್ಚಿದ್ದರು. ಬಿಲ್ಯಾನಾ ಕಾಫಿ ತಂದಿಟ್ಟು ಗೋಡೆಗೊರಗಿ ನಿಂತಳು.

"ಹಾಕು," ಎಂದರು ಸ್ಪಾಸ್.

ಎಂಟು ಹಾಡು, ಮೂವತ್ನಾಲ್ಕು ನಿಮಿಷ. ಮೂರನೆಯ ಹಾಡಿನಲ್ಲಿ ಸ್ಪಾಸ್ ಬೆರಳೆತ್ತಿದರು.

"ಸ್ವರ ಜಾರಿದೆ ಇಲ್ಲಿ."

"ಜಾರಿಲ್ಲ. ಟೇಪು ಎಳ್ಕೊಂಡಿದೆ," ಎಂದರು ಲೇಲ್ಯಾ.

"ಜಾರಿದೆ. ಅವತ್ತೇ ಗೊತ್ತಿತ್ತು. ನೀನು ಗಮನಿಸಿಲ್ಲ ಅಂದ್ಕೊಂಡಿದ್ದೆ."

"ಗಮನಿಸಿದ್ದೆ. ಚೆನ್ನಾಗಿತ್ತು, ಬಿಟ್ಟೆ."

'ಚಳಿಗಾಲದ ಲಂಗರು' ಬಂದಾಗ ಬಿಲ್ಯಾನಾ ನಿಂತಲ್ಲಿಂದ ಬಂದು ಅಪ್ಪನ ಕುರ್ಚಿಯ ಹಿಂದೆ ನಿಂತು, ಅವರ ಹೆಗಲ ಮೇಲೆ ಕೈಯಿಟ್ಟಳು. ಎರಡನೆಯ ಅರ್ಧದಲ್ಲಿ ಗಿಟಾರು ಡ್ರಮ್ಮು ಎಲ್ಲ ನಿಂತು, ದನಿಯೊಂದೇ ನೀರಿನ ಮೇಲೆ ಬರುತ್ತದೆ, ಅವಸರವಿಲ್ಲದೆ, ತನ್ನ ಜಾಗ ಗೊತ್ತಿರುವ ದೋಣಿಯ ಹಾಗೆ. ಆ ಹುಡುಗಿಯ ಮುಖವನ್ನು ನಾನು ವಿವರಿಸಲಾರೆ. ಸ್ಪಾಸ್ ಅದನ್ನು ನೋಡಲೆಂದು ತಿರುಗಿ ಕೂತಿದ್ದರು. ತಮ್ಮ ಹಾಡನ್ನು ಅವರು ಆ ಮುಖದಲ್ಲೇ ಕೇಳಿದರು.

ಮುಗಿದ ಮೇಲೆ ಅವರು ಪೆನ್ನು ಕೇಳಿದರು. ರಾಶಿಯಿಂದ ಮೊದಲ ಕ್ಯಾಸೆಟ್ಟು ತೆಗೆದು, ಚೀಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದರು: ಕೊನೆಯ ಹಾಡು 'ಬೆಸುಗೆ', ಹಾಡಿದ್ದು ಸ್ಪಾಸ್ ಗರ್ವಾನೊವ್. ಬೆಸುಗೆಯವರ ಕೈ, ಅಕ್ಷರ ನೆಟ್ಟಗೆ ಬಿದ್ದವು. ಎರಡನೆಯದನ್ನು ಎತ್ತಿಕೊಂಡರು. ನಾನು ಹಾಡಿನ ಹೆಸರು ಓದಿ ಹೇಳಿದೆ, ಬಿಲ್ಯಾನಾ ಒಣಗಿಸಿ ಪಕ್ಕಕ್ಕಿಟ್ಟಳು. ಹತ್ತನೆಯದಕ್ಕೆ ಬಂದಾಗ ಅವರು ಪೆನ್ನನ್ನು ಲೇಲ್ಯಾರ ಕಡೆ ತಳ್ಳಿದರು.

"ಇನ್ನೊಂದು ಸಾಲು ಬೇಕು. ಟೇಪಿಗೆ ಹಿಡಿದಿದ್ದು ಮಿನ್ಕಾ ಸ್ತಾನೆವಾ."

"ನಂದ್ಯಾಕೆ? ಅಳಿಸಿದೋಳು ಅಂತ ಬೇಕಿದ್ರೆ ಬರೀತೀನಿ."

"ಎರಡಕ್ಕೂ ಜಾಗ ಸಾಲಲ್ಲ. ಒಳ್ಳೇದನ್ನ ಬರಿ."

ಲೇಲ್ಯಾ ಪೆನ್ನು ತೆಗೆದುಕೊಂಡರು. ಹದಿನಾಲ್ಕು ವರ್ಷ ಎಷ್ಟೋ ಚೀಟಿಗಳ ಮೇಲೆ ಎಷ್ಟೋ ಹೆಸರು ಬರೆದಿದ್ದವರು, ತಮ್ಮ ಹೆಸರಿನ ಮೊದಲ ಅಕ್ಷರಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡರು.

ಸೋಮವಾರ ಕ್ಯಾಸೆಟ್ಟುಗಳನ್ನು ಮನೆಮನೆಗೆ ಹಿಂದಿರುಗಿಸಲು ಹೊರಟೆವು. ಮೊದಲು ಸಿಕ್ಕಿದ್ದು ಗಣಿತದ ಮೇಷ್ಟ್ರ ಮನೆ. ಅವರು ಕನ್ನಡಕ ಏರಿಸಿ ಚೀಟಿ ಓದಿ, "ಗರ್ವಾನೊವ್ ಅಂದ್ರೆ ಯಾರು ಲೇಲ್ಯಾ? ನಮ್ಮ ಊರಿನೋರಾ?" ಎಂದರು.

ಇನ್ನೂ ಅರವತ್ತೊಂದು ಮನೆಗಳಿವೆ, ಬಾಗಿಲಲ್ಲೇ ಕೊಟ್ಟು ಹೊರಡೋಣವೆಂದು ನಾನು ಅಂದುಕೊಂಡಿದ್ದೆ. ಲೇಲ್ಯಾ ಆಗಲೇ ಶೂ ಬಿಚ್ಚಿ ಒಳಗೆ ಕಾಲಿಟ್ಟಿದ್ದರು.

"ಕಾಫಿ ಇಡಿ ಮೇಷ್ಟ್ರೇ, ಹೇಳ್ತೀನಿ."